ಗೇಟಿನ ಮುಂದಿನ ಎರಡು ಕಪ್ಪು ಗೆರೆ

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕಾರಿನ ಮೂತಿ ಗೇಟಿನ ಕಂಬಕ್ಕೆ ಗುದ್ದಿಕೊಂಡು ನಿಂತಿತ್ತು. ಒಂದು ದೀಪ ಪುಡಿಪುಡಿ. ಬಂಪರು ಒಳಕ್ಕೆ ಹೋಗಿತ್ತು.

ಸುಳ್ಳೇಕೆ ಹೇಳಲಿ? ನನಗೆ ಮೊದಲು ಆದದ್ದು ಖುಷಿ! ಐವತ್ತು ವರ್ಷ ಹಳೆಯ ಆ ಕೆಂಪು ಸ್ಪೋರ್ಟ್ಸ್ ಕಾರನ್ನು ದೊಡ್ಡಪ್ಪ ಮಗಳು ಹರಿಪ್ರಿಯಾಳಿಗೆ ಬಿಟ್ಟುಹೋದರು. ಅದೇ ಮನೆಯಲ್ಲಿರುವ ನನಗೆ ಬಂದದ್ದು ದೊಡ್ಡಮ್ಮನ ಹೊಲಿಗೆ ಯಂತ್ರ. ಹರಿ ಅಡ್ಯಾರಿನ ಸಿಗ್ನಲ್ಲಿನಲ್ಲಿ ನಿಂತರೆ ಬಸ್ಸಿನಲ್ಲಿರುವವರೆಲ್ಲ ಕತ್ತು ಚಾಚಿ ನೋಡುತ್ತಾರೆ. ನನ್ನ ಸ್ಕೂಟರನ್ನು ನೋಡುವವನು ಟ್ರಾಫಿಕ್ ಪೊಲೀಸ್ ಒಬ್ಬನೇ.

ಆದರೆ ಹರಿ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದಳು. ಹದಿನೆಂಟು ವರ್ಷದ ಹಿಂದೆ ಬಸ್ಸಿನಿಂದ ಬಿದ್ದು ಅವಳ ಎಡ ಮಂಡಿ ಹೋಯಿತು. ಕ್ಲಚ್ ಒತ್ತಲಾರಳು. ಈ ಕಾರು ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ, ಬಲಗಾಲೊಂದೇ ಸಾಕು. ಅವಳ ಗಂಡ ಗುರುಚರಣ ಭಾವನದು ಒಂದೇ ಹಟ—ಕ್ಲಚ್ ಇರುವ ಮ್ಯಾನ್ಯುಯಲ್ ಗೇರು ಹಾಕಿಸಬೇಕು. ಎಲ್ಲಿಂದಲೋ ಹಳೆಯ ಗೇರ್‌ಬಾಕ್ಸ್ ತಂದು ಶೆಡ್ಡಿನಲ್ಲಿ ಇಟ್ಟೂ ಇದ್ದರು. ಅದು ಕೂತರೆ ಹರಿ ಇನ್ನು ತನ್ನ ಕಾರನ್ನು ತಾನೇ ಓಡಿಸುವಂತಿಲ್ಲ. ಮೂರು ತಿಂಗಳಿಂದ ಬೇಡ, ಬೇಡ ಎನ್ನುತ್ತಲೇ ಬಂದಿದ್ದಳು.

"ನೋಡಿದ್ಯಾ?" ಎಂದರು ಭಾವ. "ರಾತ್ರಿ ಗೇರನ್ನ 'ಪಾರ್ಕ್'ಗೆ ಹಾಕದೇ ಬಂದಿದ್ದೀಯ. ಇಳಿಜಾರಲ್ಲಿ ಉರುಳಿದೆ. ಯಾರಾದ್ರೂ ಅಡ್ಡ ಬಂದಿದ್ರೆ?"

"ನಂದೇ ತಪ್ಪಿರಬೇಕು. ಮ್ಯಾನ್ಯುಯಲ್ಲೇ ಹಾಕಿಸಿಬಿಡಿ."

ಗೇರು ನೋಡಲು ಆಗಷ್ಟೇ ಬಂದಿದ್ದ ಮೆಕ್ಯಾನಿಕ್ ಶಿವರಾಮು ತಲೆ ಕೆರೆದುಕೊಂಡ. ಅವನ ಹತ್ತಿರ ಗೇಟಿನದೂ ಕಾರಿನದೂ ಇನ್ನೊಂದೊಂದು ಕೀ ಇತ್ತು. ಗೇರು ಬದಲಾದರೆ ಕೆಲಸವೂ ಅವನಿಗೇ. ನನ್ನ ಅನುಮಾನ ಅವನ ಮೇಲೆ ಹೋಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಜಯಲಕ್ಷ್ಮೀ ಚಿಕ್ಕಮ್ಮ ಎಗ್ಮೋರಿನ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದವರು. ಜಖಂ ಆದ ಕಾರು ನೋಡಿ, ಅದರ ಕಥೆ ನಿಜವೋ ಕಟ್ಟಿದ್ದೋ ಎಂದು ಹೇಳುವುದೇ ಅವರ ಕೆಲಸವಾಗಿತ್ತು. ಮನೆ ಸೀರೆಯಲ್ಲೇ ಆಟೋ ಹತ್ತಿ ಬಂದರು. ಬಂಪರಿನ ಕಡೆ ತಿರುಗಿಯೂ ನೋಡಲಿಲ್ಲ. ಸಿಮೆಂಟಿನ ನೆಲದ ಮೇಲೆ ಬಗ್ಗಿ ನಿಂತರು.

"ಬೆಳಿಗ್ಗೆ ಯಾರ್ಯಾರು ಎಲ್ಲಿದ್ರಿ?"

"ನಾನು ಸ್ನಾನದ ಮನೇಲಿ," ಎಂದಳು ಹರಿ.

"ಎಸಿ ಹಾಕ್ಕೊಂಡು ಮಲಗಿದ್ದೆ," ಎಂದೆ ನಾನು.

"ನಾನು ಮಹಡೀಲಿ ಪೂಜೆಗೆ ಕೂತಿದ್ದೆ," ಎಂದರು ಭಾವ.

"ಕಾರಿನ ಕೀ?"

"ಹಾಲ್‌ನಲ್ಲಿ, ಗೋಡೆ ಮೊಳೆಗೆ ನೇತುಹಾಕಿರ್ತೀವಿ," ಎಂದಳು ಹರಿ.

"ಅಳಿಯಂದ್ರೇ, ನೀವು ಈ ಕಾರು ಓಡ್ಸಿದ್ದೀರಾ?"

"ಛೆ! ಆಟೋಮ್ಯಾಟಿಕ್ ನಾನು ಮುಟ್ಟೋದೇ ಇಲ್ಲ. ಅದೂ ಒಂದು ಡ್ರೈವಿಂಗಾ?"

ಚಿಕ್ಕಮ್ಮ ಶಿವರಾಮುವಿನ ಕಡೆ ತಿರುಗಿದರು. "ಕಾರನ್ನ ಹಿಂದಕ್ಕೆ ತಗೊಳ್ಳಪ್ಪ."

ಶಿವರಾಮು ಕೂತ. ಕೂತವನೇ ಎಡಗಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡ. ಕಾರು ಸದ್ದಿಲ್ಲದೆ ಹಿಂದೆ ಬಂದು ನಿಂತಿತು.

"ಕಾಲು ಯಾಕೆ ಒಳಗೆ ಎಳ್ಕೊಂಡೆ?"

"ಅಭ್ಯಾಸ ಕಣಮ್ಮ. ಈ ಥರ ಗಾಡೀಲಿ ಎಡಗಾಲಿಗೆ ಕೆಲ್ಸ ಇಲ್ವಲ್ಲ."

"ಈಗ ನೀವು, ಅಳಿಯಂದ್ರೇ. ನಾಲ್ಕು ಅಡಿ ಮುಂದಕ್ಕೆ."

ಭಾವನ ಮುಖ ಇಳಿಯಿತು. "ನಾನ್ಯಾಕೆ?"

"ಭಯಾನಾ?"

ಆ ಮಾತು ನಾಟಿತು. ದಡಬಡ ಕೂತರು. ಕಾರು ಎರಡು ಅಡಿ ಹೋಯಿತು, ಅಷ್ಟೇ—ಧಡಕ್ಕೆಂದು ನಿಂತಿತು! ಭಾವನ ಹಣೆ ಸ್ಟಿಯರಿಂಗಿಗೆ ತಾಗುವುದೊಂದು ಬಾಕಿ.

"ಸಾಕು, ಇಳೀರಿ," ಎಂದರು ಚಿಕ್ಕಮ್ಮ.

ಭಾವ ಹಣೆ ಒರೆಸಿಕೊಳ್ಳುತ್ತ ಇಳಿದರು.

"ಎಲ್ಲರೂ ಬಂಪರ್ ನೋಡಿದ್ರಿ. ನೆಲ ಯಾರೂ ನೋಡ್ಲಿಲ್ಲ. ಕಂಬಕ್ಕೆ ಮೊದಲೇ, ಎಂಟು ಅಡಿ ಹಿಂದೆ, ಟೈರಿನ ಎರಡು ಕಪ್ಪು ಗೆರೆ. ಕಾರು ತಾನಾಗೇ ಉರುಳಿದ್ರೆ ಬ್ರೇಕ್ ಒತ್ತಿದ್ದು ಯಾರು?"

"ಯಾರೋ ಒಳಗಿದ್ರು!" ಎಂದೆ.

"ಹೌದು. ಬ್ರೇಕ್ ಒತ್ತಿಯೂ ಕಾರು ಮುಂದಕ್ಕೆ ನುಗ್ಗಿದೆ. ಅಂದ್ರೆ ಇನ್ನೊಂದು ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ಹರಿ ಓಡ್ಸೋದು ಒಂದೇ ಕಾಲಲ್ಲಿ. ಶಿವರಾಮು ಎಡಗಾಲು ಒಳಗೆ ಎಳ್ಕೊಳ್ತಾನೆ. ರಚನಾ, ನಿನಗಂತೂ ಕಾರೇ ಬರಲ್ಲ. ಜೀವಮಾನವೆಲ್ಲ ಕ್ಲಚ್ ತುಳಿದವರು ಮಾತ್ರ ಇಲ್ಲಿ ಕ್ಲಚ್ ಹುಡುಕಿ ಎಡಗಾಲಲ್ಲಿ ಬ್ರೇಕ್ ತುಳೀತಾರೆ. ಈಗ ನೋಡಿದ್ರಲ್ಲ?"

ಹರಿ ಎದ್ದು ನಿಂತಳು. "ನೀವಾ?"

ಭಾವ ಕಾರಿಗೆ ಒರಗಿಕೊಂಡರು. "ಒಂದೇ ಒಂದ್ಸಲ ಓಡಿಸೋಣ ಅನ್ನಿಸ್ತು. ನಿನಗೆ ಗೊತ್ತಾಗದ ಹಾಗೆ. ಗುದ್ದಿಬಿಡ್ತು."

"ಆಮೇಲೆ ನನ್ನ ತಲೆಗೆ ಕಟ್ಟಿದ್ರಿ. ಕ್ಲಚ್ ಹಾಕ್ಸಿದ್ರೆ ನಾನು ಓಡ್ಸಕ್ಕಾಗಲ್ಲ ಅಂತ ಗೊತ್ತಿದ್ದೂ!"

"ಗೊತ್ತಿತ್ತು." ಅವರು ಕಾರಿನ ಕೆಂಪು ಬಾನೆಟ್ ಸವರಿದರು. "ಹೊಟ್ಟೆಕಿಚ್ಚು, ಹರಿ. ಸಿಗ್ನಲ್ಲಲ್ಲಿ ಎಲ್ರೂ ನಿನ್ನನ್ನೇ ನೋಡ್ತಾರೆ. ನಾನು ಪಕ್ಕದಲ್ಲಿ ತರಕಾರಿ ಚೀಲದ ಥರ ಕೂತಿರ್ತೀನಿ. ಬಿಗುಮಾನ ಬಿಟ್ಟು ಕಲಿಸ್ಕೊಡು ಅಂತ ಕೇಳಕ್ಕಾಗ್ಲಿಲ್ಲ."

ನನಗೆ ನಾಚಿಕೆಯಾಯಿತು. ಅವರಿಗಾದದ್ದೇ ನನಗೂ ಆಗಿತ್ತು. ನಾನು ಕಾರು ಗುದ್ದಿರಲಿಲ್ಲ, ಅಷ್ಟೇ.

ಹರಿ ಕಣ್ಣೊರೆಸಿಕೊಂಡಳು. "ಶಿವರಾಮು, ಆ ಗೇರ್‌ಬಾಕ್ಸ್ ಈಗಲೇ ಎತ್ತಿಕೊಂಡು ಹೋಗು. ಯಾರಿಗಾದ್ರೂ ಕೊಟ್ಬಿಡು."

ಶಿವರಾಮು ಶೆಡ್ಡಿನ ಕಡೆ ನಡೆದ. ಭಾವ ತಲೆ ತಗ್ಗಿಸಿಕೊಂಡು ಮನೆಯೊಳಗೆ ಹೊರಟರು.

"ಎಲ್ಲಿಗೆ?" ಹರಿ ಡ್ರೈವರ್ ಸೀಟಿನ ಬಾಗಿಲು ತೆಗೆದಿಟ್ಟು, ಪಕ್ಕದ ಸೀಟಿನಲ್ಲಿ ತಾನು ಕೂತಳು. "ಬನ್ನಿ. ಗೇಟಿನ ತನಕ, ನಿಧಾನಕ್ಕೆ."

"ನಾನಾ? ಎಡಗಾಲು ಮತ್ತೆ ತುಳಿದ್ರೆ?"

"ನನ್ನ ಎಡಗಾಲು ಹದಿನೆಂಟು ವರ್ಷದಿಂದ ಸುಮ್ನೆ ಕೂತಿದೆ," ಎಂದಳು ಹರಿ. "ನಿಮ್ಮದು ಐದು ನಿಮಿಷ ಕೂತ್ಕೊಳ್ಳಲಿ."