ಸೇತುವೆ ದಾಟಿದರೆ ತೊಂಬತ್ತು ದಿನ

2016ರ ಮಾರ್ಚ್ 14, ಸೋಮವಾರ. ಬೆಳಿಗ್ಗೆ 9.20ಕ್ಕೆ ಸ್ವೀಡನ್ನಿನ ಮಾಲ್ಮೋ ನಗರದ ಪೊಲೀಸ್ ಠಾಣೆಗೆ ಮೂವರು ಬಂದರು. ಮುಂದೆ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮುಜೀಬ್, ಅವನ ಹಿಂದೆ ತುಂಬು ಬಸುರಿ ಹೆಂಡತಿ ಶೀಬಾ, ಅವಳ ತೋಳು ಹಿಡಿದುಕೊಂಡು ಅವಳ ತಾಯಿ ನೂರ್‌ಜಹಾನ್. ಕೌಂಟರಿನ ಹುಡುಗಿ ಎರಡು ನಿಮಿಷ ಕಿವಿಗೊಟ್ಟು ಮೇಲಿನ ಮಹಡಿಗೆ ಫೋನ್ ಮಾಡಿದಳು. "ಕಾಂಚನಾ, ಇವರು ತಮ್ಮತಮ್ಮಲ್ಲೇ ಆಡುತ್ತಿರುವುದು ನಿಮ್ಮ ಮನೆಯ ಭಾಷೆ ಇರಬೇಕು."

ಇನ್ಸ್‌ಪೆಕ್ಟರ್ ಕಾಂಚನಾ ಸ್ವೀಡನ್ನಿನದೇ ಇನ್ನೊಂದು ಊರಾದ ವೆಸ್ಟೆರಾಸ್‌ನಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡ ಅಡುಗೆಮನೆಯಲ್ಲಿ ಕಲಿತದ್ದು. ಊಟಕ್ಕೆ, ಜಗಳಕ್ಕೆ, ಜ್ವರಕ್ಕೆ ಸಾಕಾಗುತ್ತಿತ್ತು. ತನಿಖೆಗೆ ಸಾಲುತ್ತದೆಯೇ ಎಂಬುದು ಇದುವರೆಗೆ ಪರೀಕ್ಷೆಯಾಗಿರಲಿಲ್ಲ.

"ಮೇಡಂ, ಎಫ್‌ಐಆರ್ ಹಾಕ್ಬೇಕು," ಎಂದ ಮುಜೀಬ್.

"ಇಲ್ಲಿ ಅದಕ್ಕೆ ಹೆಸರು ಬೇರೆ, ಕೆಲಸ ಅದೇ. ಮತ್ತೆ ಮೇಡಂ ಅನ್ಬೇಡಿ, ಕಾಂಚನಾ ಸಾಕು."

"ಸರಿ ಮೇಡಂ."

ನೂರ್‌ಜಹಾನ್ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ಹರಿಹರದಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದ ಕೈ. ಒಂದು ಪುಟದಲ್ಲಿ ಡಿಸೆಂಬರ್ 24ರ ಕಪ್ಪು ಮೊಹರು, ಬಂದಿಳಿದ ಕೋಪನ್‌ಹೇಗನ್ ವಿಮಾನ ನಿಲ್ದಾಣದ್ದು. ಪಕ್ಕದಲ್ಲಿ ಮಾರ್ಚ್ 5ರ ಎರಡು ಮೊಹರು, ಒಂದು ಹೊರಗೆ ಹೋದದ್ದಕ್ಕೆ, ಇನ್ನೊಂದು ಒಳಗೆ ಬಂದದ್ದಕ್ಕೆ. ಅವೆರಡೂ ನೇರಳೆ ಬಣ್ಣದವು.

"ನೆನ್ನೆ ಸಂಜೆ ನೋಡ್ದೆ," ಎಂದಳು ಶೀಬಾ. "ನಮ್ಮೂರಲ್ಲಿ ಪೋಸ್ಟ್ ಆಫೀಸಿನವರು ಒತ್ತೋ ಬಣ್ಣ ಇದು. ಇಲ್ಲಿ ಎಲ್ಲೂ ನೋಡಿಲ್ಲ."

ಕತೆ ಇಷ್ಟು. ನೂರ್‌ಜಹಾನರ ವೀಸಾ ತೊಂಬತ್ತು ದಿನದ್ದು, ಮಾರ್ಚ್ 22ಕ್ಕೆ ಮುಗಿಯುತ್ತದೆ. ಮಗಳ ಹೆರಿಗೆ ಏಪ್ರಿಲ್ ಮೊದಲ ವಾರ. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿತ್ತು: 'ಅರ್ಧ ದಿನದಲ್ಲಿ ಡೆನ್ಮಾರ್ಕ್‌ಗೆ ಹೋಗಿ ಬನ್ನಿ. ಹೊಸ ತೊಂಬತ್ತು ದಿನ. ಕಡಿಮೆ ಖರ್ಚು, ಊಟ ಸೇರಿ.' ಕರೆದುಕೊಂಡು ಹೋಗುವವನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರೂ ಅವನನ್ನು ಬಾರ್ಡರ್ ಅಣ್ಣ ಎನ್ನುತ್ತಾರೆ. ವಾಪಸ್ ಬಂದು ಇಳಿದ ಮೇಲೆ ಪಾಸ್‌ಪೋರ್ಟ್ ಇಸಕೊಂಡು ಹೋಗಿ, 'ಆಫೀಸಿನಲ್ಲಿ' ಮೊಹರು ಹಾಕಿಸಿ ತಂದುಕೊಡುತ್ತಾನೆ.

ಕಾಂಚನಾ ಒಂದು ಕ್ಷಣ ಪೆನ್ನು ಕೆಳಗಿಟ್ಟಳು. ಸ್ವೀಡನ್, ಡೆನ್ಮಾರ್ಕ್ ಎರಡಕ್ಕೂ ವೀಸಾ ಒಂದೇ. ನಡುವಿನ ಸಮುದ್ರದ ಸೇತುವೆಯನ್ನು ನೂರು ಸಲ ದಾಟಿದರೂ ದಿನದ ಲೆಕ್ಕ ಹೊಸದಾಗುವುದಿಲ್ಲ. "ಮುಜೀಬ್, ನೀವು ಓದಿದವರು. ನಂಬಿದ್ದು ಹೇಗೆ?"

"ಪೊಲೀಸರೇ ಪಾಸ್‌ಪೋರ್ಟ್ ನೋಡ್ತಾರಲ್ಲ ಮೇಡಂ, ಸೇತುವೆ ದಾಟಿದ ಕೂಡ್ಲೆ ಹಿಲ್ಲಿ ಸ್ಟೇಷನ್ನಲ್ಲಿ. ಹಾಗಿದ್ಮೇಲೆ ಅದು ಬಾರ್ಡರ್ ಅಲ್ವಾ?"

ಹದಿನೈದು ವರ್ಷ ಆ ಸೇತುವೆಯ ಮೇಲೆ ಯಾರೂ ಯಾರನ್ನೂ ನೀನು ಯಾರೆಂದು ಕೇಳಿರಲಿಲ್ಲ. ಹೋದ ವರ್ಷ ಯುದ್ಧ ಬಿಟ್ಟು ಓಡಿಬಂದವರು ಕೂಸುಗಳನ್ನು ಹೊತ್ತು ಆ ರೈಲಿನಲ್ಲಿ ಇಳಿದರು. ನವೆಂಬರಿನಲ್ಲಿ ಸರಕಾರ ಪೊಲೀಸರನ್ನು ತಂದು ನಿಲ್ಲಿಸಿತು. ಇಲ್ಲದ ಗಡಿಯನ್ನು ನಾಟಕದ ಪರದೆಯಂತೆ ಇಳಿಬಿಟ್ಟವರು ದೊಡ್ಡವರು. ಅದನ್ನು ನಿಜವೆಂದು ನಂಬಿದ್ದು ಹರಿಹರದ ಒಬ್ಬ ಹೆಂಗಸಿನ ತಪ್ಪಾಯಿತು.

"ಆಂಟಿ, ಪಾಸ್‌ಪೋರ್ಟ್ ನಾನು ಜಪ್ತಿ ಮಾಡ್ಬೇಕಾಗತ್ತೆ."

"ಮಾಡು ತಾಯಿ. ಪಂಚನಾಮೆ ಬರಿ. ಇಬ್ಬರು ಸಾಕ್ಷಿ ಇರ್ಲಿ."

"ಇಲ್ಲಿ ಪಂಚರು ಬೇಕಾಗಲ್ಲ."

"ನನಗೆ ಬೇಕು."

ಕೌಂಟರಿನ ಹುಡುಗಿಯೂ ಕಾಂಚನಾಳ ಸಹೋದ್ಯೋಗಿ ಯೋರಾನನೂ ಸಹಿ ಹಾಕಿದರು. ಬೆಳಿಗ್ಗೆ 10.40.

ಯೋರಾನ್ ಇಪ್ಪತ್ತಾರು ವರ್ಷ ಸೇವೆ ಮಾಡಿದ ಕಾನ್‌ಸ್ಟೇಬಲ್. ಸುತ್ತಿ ಬಳಸಿ ಮಾತಾಡುವವನಲ್ಲ. ಮಧ್ಯಾಹ್ನದ ಕಾಫಿಗೆ ಕೂತಾಗ ಹೇಳಿದ: "ಪ್ರಾಸಿಕ್ಯೂಟರ್ ಜೊತೆ ಮಾತಾಡಿದೆ. ಆ ಹೆಂಗಸು ದುಡ್ಡು ಕೊಟ್ಟು ಸುಳ್ಳು ಮೊಹರು ಪಡೆದಿದ್ದಾಳೆ. ಮೋಸ ಹೋದಳು ಅನ್ನುವುದು ದಾಖಲೆಯಲ್ಲಿ ಬರದಿದ್ದರೆ ಅವಳೂ ಆರೋಪಿ. ವಾಪಸ್ ಕಳಿಸುತ್ತಾರೆ, ಕೆಲವು ವರ್ಷ ಬರುವ ಹಾಗಿಲ್ಲ."

"ಮೋಸ ಹೋದಳು ಅಂತ ಯಾರು ಹೇಳಬೇಕು?"

"ಮೋಸ ಮಾಡಿದವನು."

"ಅದೂ ಮಾರ್ಚ್ ಇಪ್ಪತ್ತೆರಡರ ಒಳಗೆ."

"ಇಪ್ಪತ್ತೆರಡರ ಒಳಗೆ," ಎಂದ ಯೋರಾನ್.

ನಿಜವಾದ ದಾರಿಯೊಂದು ಇದ್ದೇ ಇತ್ತು. ವೀಸಾ ಮುಗಿಯುವ ಮೊದಲು, ಮಗಳ ಹೆರಿಗೆಯ ಕಾರಣ ಕೊಟ್ಟು, ಇಲ್ಲೇ ಕೂತು ಇನ್ನಷ್ಟು ದಿನಕ್ಕೆ ಅರ್ಜಿ ಹಾಕಬಹುದಿತ್ತು. ಅದು ಸ್ವೀಡಿಷ್ ಭಾಷೆಯ ಜಾಲತಾಣದಲ್ಲಿ ಏಳೆಂಟು ಪುಟ ಒಳಗೆ ಅಡಗಿ ಕೂತಿತ್ತು. ಸುಳ್ಳು ಮಾತ್ರ ಕನ್ನಡದಲ್ಲಿ, ಫೋನಿನಲ್ಲೇ, ಮನೆಯ ಬಾಗಿಲಿಗೆ ಬಂದಿತ್ತು.

ಬಾರ್ಡರ್ ಅಣ್ಣನ ಫೋನ್ ಪ್ರೀಪೇಯ್ಡ್. ಯಾರ ಹೆಸರಿನಲ್ಲೂ ಇಲ್ಲ, ಸದಾ ಬಂದ್. ನಿಲ್ದಾಣದ ಕ್ಯಾಮೆರಾ ಚಿತ್ರಗಳು ಅಳಿಸಿಹೋಗಿದ್ದವು. ಮುಜೀಬ್ ಕೈಮುಗಿದು ಕೇಳಿಕೊಂಡ ಮೇಲೆ ಇನ್ನೆರಡು ಕುಟುಂಬಗಳು ಅಳುಕುತ್ತ ಬಾಯಿಬಿಟ್ಟವು. ಶೋಭನಾ ಎಂಬಾಕೆ ತನ್ನ ಮಾವ ರಮಾನಂದರನ್ನು ಫೆಬ್ರವರಿ 18ರಂದು ಕಳಿಸಿದ್ದಳು. ಇನ್ನೊಂದು ಜೋಡಿ 26ರಂದು ಹೋಗಿ ಬಂದಿತ್ತು. ಮೂರೂ ಹೇಳಿಕೆಗಳಲ್ಲಿ ಒಂದು ಮಾತು ಸಮನಾಗಿತ್ತು. ರೈಲು ಬಂದು ನಿಂತರೂ ಅವನು ಹತ್ತಗೊಡಲಿಲ್ಲ.

"ಎರಡು ರೈಲು ಬಿಟ್ಟ ತಾಯಿ," ಎಂದಿದ್ದರು ನೂರ್‌ಜಹಾನ್. "ಚಳಿ ಅಂದ್ರೆ ಚಳಿ. ಯಾಕಪ್ಪಾ ಅಂದ್ರೆ, ಈಗ ಬೇಡ, ಮುಂದಿನದು ಅಂದ. ಗಡಿಯಾರ ನೋಡ್ತಿದ್ದ, ನಿಲ್ತಿದ್ದ."

ಮೂರೂ ಸಲ ಅವರು ಕೊನೆಗೆ ಹತ್ತಿದ ರೈಲುಗಳನ್ನು ಯೋರಾನ್ ಬಿಳಿ ಬೋರ್ಡಿನ ಮೇಲೆ ಬರೆದ: ಗುರುವಾರ, 15.13ರ ರೈಲು. ಶುಕ್ರವಾರ, 12.13. ಶನಿವಾರ, 10.33. "ಯಾರಿಗೋ ಕಾಯುತ್ತಿದ್ದ," ಎಂದ. "ರೈಲಿನೊಳಗಿನ ಯಾರೋ ಸಿಬ್ಬಂದಿ. ಪಾಳಿ ಬದಲಾಗುವುದನ್ನು ನೋಡುತ್ತಿದ್ದ." ಮಂಗಳವಾರ ಇಡೀ ಬೆಳಿಗ್ಗೆ ಅವನು ರೈಲು ಸಿಬ್ಬಂದಿಯ ಪಾಳಿಪಟ್ಟಿ ತರಿಸಿಕೊಂಡು ಗುದ್ದಾಡಿದ. ಒಂದೂ ಹೊಂದಲಿಲ್ಲ.

ಕಾಂಚನಾ ಬೋರ್ಡನ್ನು ನೋಡುತ್ತಲೇ ಇದ್ದಳು. ಶನಿವಾರ, ಹತ್ತೂವರೆ ದಾಟಿದ ಮೇಲೆ. ಚಿಕ್ಕವಳಿದ್ದಾಗ ಶನಿವಾರ ಬೆಳಿಗ್ಗೆ ಈಜಿಗೆ ಹೊರಟರೆ ಅಮ್ಮ ಚಪ್ಪಲಿ ಬಚ್ಚಿಡುತ್ತಿದ್ದುದು ನೆನಪಾಯಿತು. ಫೋನ್ ತೆಗೆದು ವೆಸ್ಟೆರಾಸ್‌ಗೆ ಕರೆ ಮಾಡಿದಳು.

"ಅಮ್ಮಾ, ಗುರುವಾರ ರಾಹುಕಾಲ ಎಷ್ಟೊತ್ತಿಗೆ?"

ಆ ಕಡೆಯಿಂದ ತಾಯಿ ಕುಮುದಾ ಕ್ಯಾಲೆಂಡರ್ ನೋಡದೆಯೇ ಹೇಳಿದರು. "ಒಂದೂವರೆಯಿಂದ ಮೂರು. ಯಾಕೆ, ಯಾರಾದ್ರೂ ಹುಡುಗನ್ನ ನೋಡಕ್ಕೆ ಹೋಗ್ತಿದೀಯಾ?"

"ಹೌದು, ಹಿಡಿದು ಒಳಗೆ ಹಾಕಕ್ಕೆ. ಶುಕ್ರವಾರ?"

"ಹತ್ತೂವರೆಯಿಂದ ಹನ್ನೆರಡು. ಶನಿವಾರ ಒಂಬತ್ತರಿಂದ ಹತ್ತೂವರೆ."

"ಇಂಡಿಯಾ ಗಂಟೆನಾ, ಸ್ವೀಡನ್ ಗಂಟೆನಾ?"

"ಈ ದೇಶದಲ್ಲಿ ಸೂರ್ಯ ಯಾವಾಗ ಹುಟ್ತಾನೆ ಅಂತ ಅವನಿಗೇ ಗೊತ್ತಿಲ್ಲ. ಕ್ಯಾಲೆಂಡರಲ್ಲಿ ಇರೋದನ್ನೇ ಇಲ್ಲಿನ ಗಡಿಯಾರಕ್ಕೆ ಇಟ್ಕೊಳೋದು. ಎಲ್ಲರೂ ಹಾಗೇ ಮಾಡ್ತಾರೆ."

ಯೋರಾನ್‌ಗೆ ವಿವರಿಸಲು ಹತ್ತು ನಿಮಿಷ ಹಿಡಿಯಿತು. ಪ್ರತಿದಿನ ಒಂದೂವರೆ ಗಂಟೆ ಏನನ್ನೂ ಶುರು ಮಾಡದ ಜನರ ಬಗ್ಗೆ ಕೇಳಿ ಅವನು ತಲೆದೂಗಿದ. "ನಮ್ಮ ಇಲಾಖೆಯಲ್ಲಿ ಅದಕ್ಕೆ ಮೀಟಿಂಗ್ ಅನ್ನುತ್ತೇವೆ."

ಅದೇ ಸಂಜೆ ಶೋಭನಾಳಿಂದ ಸಂದೇಶ ಬಂತು. ಬಾರ್ಡರ್ ಅಣ್ಣನ ಹೊಸ ಟ್ರಿಪ್, ಬುಧವಾರ. ಬೆಳಿಗ್ಗೆಯಿಂದ ಸಿದ್ಧವಾಗಿರಿ, ಹೊತ್ತು ಆಗ ತಿಳಿಸುತ್ತೇನೆ ಎಂದಿದ್ದ. ಠಾಣೆಯ ಅರ್ಧ ಜನ ಹಿಲ್ಲಿಯಲ್ಲಿ ಪಾಸ್‌ಪೋರ್ಟ್ ನೋಡುತ್ತ ನಿಂತಿದ್ದರು; ದಿನವಿಡೀ ಕಾವಲಿಗೆ ಜನವಿಲ್ಲ. ಮೇಲಧಿಕಾರಿ ಕಾಂಚನಾ, ಯೋರಾನ್ ಇಬ್ಬರಿಗೂ ಐದು ತಾಸು ಬಿಡುವು ಕೊಟ್ಟ. ಯಾವ ಐದು ಎಂದು ಅವಳೇ ಆರಿಸಬೇಕು.

"ಬುಧವಾರ ಹನ್ನೆರಡರಿಂದ ಒಂದೂವರೆ," ಎಂದಳು ಕಾಂಚನಾ. "ಬೆಳಿಗ್ಗೆ ಹೋದರೆ ವಾಪಸ್ ಬರುವ ಹೊತ್ತಿಗೆ ರಾಹುಕಾಲ ಸಿಕ್ಕಿಕೊಳ್ಳುತ್ತದೆ, ಆಗ ಮೊಹರು ಒತ್ತಲಾರ. ಅದು ಕಳೆದ ಮೇಲೇ ಹೊರಡುತ್ತಾನೆ. ಒಂದು ಗಂಟೆಗೆ ಶುರು ಮಾಡೋಣ."

ಮಾರ್ಚ್ 16, ಬುಧವಾರ. ಮಧ್ಯಾಹ್ನ 1.05. ಮಾಲ್ಮೋ ಕೇಂದ್ರ ನಿಲ್ದಾಣದ ನೆಲದಡಿಯ ಪ್ಲಾಟ್‌ಫಾರಂ. ಕಾಂಚನಾ ಸಾದಾ ಜಾಕೆಟ್ ತೊಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಂಚಿನಲ್ಲಿ ಕೂತಿದ್ದಳು. ಬೂದು ಕೋಟು ತೊಟ್ಟ ನಲವತ್ತರ ಗಂಡಸೊಬ್ಬ ಬಂದ. ಅವನ ಸುತ್ತ ನಾಲ್ಕು ಜನ: ಇಬ್ಬರು ವಯಸ್ಸಾದ ಹೆಂಗಸರು, ಒಬ್ಬ ಮುದುಕ, ಸ್ವೆಟರಿನ ಮೇಲೆ ಶಾಲು ಹೊದ್ದ ಹೆಣ್ಣುಮಗಳು. 1.13ರ ರೈಲು ಬಂತು, ಬಾಗಿಲು ತೆರೆಯಿತು. ಅವನು ಗಡಿಯಾರ ನೋಡಿ ತಲೆಯಾಡಿಸಿದ. ಬಾಗಿಲು ಮುಚ್ಚಿತು.

"ಯಾಕೋ ಅಣ್ಣಾ, ಖಾಲಿ ಇತ್ತಲ್ಲ?" ಎಂದಳು ಒಬ್ಬ ಮುದುಕಿ.

"ಇನ್ನು ಇಪ್ಪತ್ತೇ ನಿಮಿಷ ಅಮ್ಮ. ಮನೆಯಿಂದ ಹೊರಟಾಗಿದೆ, ಒಳ್ಳೆ ಹೊತ್ತಲ್ಲೇ ರೈಲು ಹತ್ತೋಣ."

1.33ಕ್ಕೆ ಹತ್ತಿದರು. ಡೆನ್ಮಾರ್ಕ್‌ಗೆ ಹಿಂಬಾಲಿಸುವಂತಿರಲಿಲ್ಲ, ಅಲ್ಲಿ ಅವಳ ಅಧಿಕಾರ ನಡೆಯದು. ಇಬ್ಬರೂ ಹಿಲ್ಲಿಗೆ ಹೋಗಿ ಕಾದರು.

ಸಂಜೆ 4.08ಕ್ಕೆ ಐವರೂ ಇಳಿದರು. ಪೊಲೀಸರು ಪಾಸ್‌ಪೋರ್ಟ್ ನೋಡಿ, ಮರಳಿ ಕೊಟ್ಟು ಕಳಿಸಿದರು. ಬೂದು ಕೋಟಿನವನು ನಾಲ್ಕನ್ನೂ ಕಲೆಹಾಕಿದ. "ಆಫೀಸಲ್ಲಿ ಸೀಲ್ ಹಾಕಿಸ್ಕೊಂಡು ಬರ್ತೇನೆ, ಇಲ್ಲೇ ಕೂತಿರಿ." ಪಕ್ಕದ ಮಾಲ್‌ನ ಹಿಂಬಾಗಿಲ ಬಳಿ, ಮೆಟ್ಟಿಲ ಕೆಳಗೆ ಕೂತು ಚೀಲದಿಂದ ಸ್ಟೀಲಿನ ಟಿಫನ್ ಡಬ್ಬಿ ತೆಗೆದ. ಒಳಗೆ ಎರಡು ರಬ್ಬರ್ ಠಸ್ಸೆ, ಒಂದು ಇಂಕ್ ಪ್ಯಾಡು. ಮೊದಲ ಪಾಸ್‌ಪೋರ್ಟನ್ನು ಬಿಡಿಸುವ ಮುನ್ನ ಕಣ್ಣಿಗೊತ್ತಿಕೊಂಡ.

"ಒತ್ತಲಿ ಬಿಡು," ಎಂದು ಯೋರಾನ್ ಪಿಸುಗುಟ್ಟಿದ. "ಒಂದಾದರೂ ಒತ್ತಿದರೆ ಕೇಸು ಗಟ್ಟಿ."

ಒತ್ತಿದರೆ ಈ ನಾಲ್ವರಲ್ಲಿ ಒಬ್ಬರು ಇನ್ನೊಬ್ಬ ನೂರ್‌ಜಹಾನ್ ಆಗುತ್ತಾರೆ. ಕಾಂಚನಾ ಹೆಜ್ಜೆ ಮುಂದಿಟ್ಟಿದ್ದಳು.

"ಅಣ್ಣಾ, ಅದನ್ನ ಕೆಳಗಿಡಿ."

ಅವನು ತಲೆಯೆತ್ತಿದ. "ನೀವು ಕನ್ನಡದವರಾ?"

"ಪೊಲೀಸ್."

ಸಂಜೆ 4.21ಕ್ಕೆ ಬಂಧನ. ನಾಲ್ಕು ಪಾಸ್‌ಪೋರ್ಟ್‌ಗಳೂ ಶುದ್ಧವಾಗಿದ್ದವು.

ಹೆಸರು ಮಹಾಬಲೇಶ್ವರ, ಕುಮಟಾದವನು. ವಿಚಾರಣೆಯ ಕೋಣೆಯಲ್ಲಿ ವಕೀಲೆ ಪಕ್ಕದಲ್ಲಿ ಕೂತಿದ್ದಳು. ಪ್ರಶ್ನೋತ್ತರ ಕನ್ನಡದಲ್ಲೇ ನಡೆಯಿತು. ದುಭಾಷಿ ಫೋನಿನಲ್ಲಿದ್ದ, ಎಲ್ಲವೂ ಧ್ವನಿಮುದ್ರಣವಾಗುತ್ತಿತ್ತು.

"ಠಸ್ಸೆ ಎಲ್ಲಿ ಮಾಡಿಸಿದ್ದು?"

"ಬೆಂಗಳೂರಲ್ಲಿ. ಹೋದ ಡಿಸೆಂಬರ್."

"ಜನಕ್ಕೆ ಅದು ಸುಳ್ಳು ಅಂತ ಗೊತ್ತಿತ್ತಾ?"

ವಕೀಲೆ ಅವನ ತೋಳು ಮುಟ್ಟಿದಳು. ಅವರಿಗೂ ಗೊತ್ತಿತ್ತು ಎಂದರೆ ಅವನ ಹೊರೆ ಹಂಚಿಹೋಗುತ್ತಿತ್ತು. ಕಾಂಚನಾ ನೂರ್‌ಜಹಾನರ ಪಾಸ್‌ಪೋರ್ಟ್ ತೆರೆದು ಅವನ ಮುಂದಿಟ್ಟಳು.

"ಇವರ ಮಗಳಿಗೆ ಏಪ್ರಿಲ್‌ನಲ್ಲಿ ಹೆರಿಗೆ. ಇಲ್ಲೇ ಕೂತು ಅರ್ಜಿ ಹಾಕಬಹುದಿತ್ತು, ಕಾನೂನಲ್ಲೇ. ಅಷ್ಟು ದಿನ ನೀವು ಕದ್ರಿ. ಅದಕ್ಕೆ ಇನ್ನು ಆರು ದಿನ ಇದೆ."

"ಅರ್ಜಿ ಹಾಕಬಹುದಿತ್ತಾ?"

"ಹೌದು."

ಅವನು ಬಹಳ ಹೊತ್ತು ಆ ನೇರಳೆ ಗುರುತನ್ನು ನೋಡಿದ. "ಇವರು ರೈಲಲ್ಲಿ ನನಗೆ ಚಪಾತಿ ಕೊಟ್ರು," ಎಂದ. "ಬರ್ಕೊಳ್ಳಿ. ಯಾರಿಗೂ ಏನೂ ಗೊತ್ತಿರಲಿಲ್ಲ. ಆಫೀಸಿದೆ ಅಂದಿದ್ದು ನಾನು, ಸೀಲು ಅಸಲಿ ಅಂದಿದ್ದೂ ನಾನು."

ಉಳಿದದ್ದನ್ನು ಅವಳು ಕೇಳಲೇ ಇಲ್ಲ, ಅವನೇ ಹೇಳಿದ. ಐದು ವರ್ಷ ಈ ಊರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಎಂಜಿನಿಯರ್. ಕಂಪನಿ ಮೂರು ತಿಂಗಳು ಅವನ ವಿಮೆ ಕಟ್ಟಲು ಮರೆಯಿತು. ಕೆಲಸದ ಪರವಾನಗಿಯ ನವೀಕರಣಕ್ಕೆ ಹೋದಾಗ ಆ ಮರೆವು ಸಿಕ್ಕಿತು. ಮರೆತ ಕಂಪನಿಗೆ ಏನೂ ಆಗಲಿಲ್ಲ, ಅವನಿಗೆ ದೇಶ ಬಿಡುವ ಆದೇಶ ಬಂತು. ಮೇಲ್ಮನವಿ ಇನ್ನೂ ನಡೆದಿತ್ತು. ಹೆಂಡತಿ, ಮಗಳು ಆಗಲೇ ಊರಿಗೆ ಹೊರಟುಹೋಗಿದ್ದರು. ಮಗಳು ಈಗಲೂ ಫೋನಿನಲ್ಲಿ ಸ್ವೀಡಿಷ್‌ನಲ್ಲೇ ಅಳುತ್ತಾಳಂತೆ.

"ನಾನು ಎಲ್ಲಾ ಸರಿಯಾಗೇ ಮಾಡಿದ್ದೆ, ನನಗೆ ಸೀಲು ಸಿಗ್ಲಿಲ್ಲ," ಎಂದ ಮಹಾಬಲೇಶ್ವರ. "ಪಾಸ್‌ಪೋರ್ಟ್ ವಾಪಸ್ ಕೊಟ್ಟಾಗ ಅವರ ಮುಖ ಅರಳ್ತದಲ್ಲ, ಆಗ ಒಂದು ಗಳಿಗೆ ನನಗೂ ಸಿಕ್ಕಿದ ಹಾಗೆ ಆಗ್ತಿತ್ತು."

ತಪ್ಪು ತಪ್ಪೇ. ಅವಳು ಅದನ್ನು ಹಗುರ ಮಾಡಿ ಬರೆಯಲಿಲ್ಲ. ಆದರೆ ವರದಿಯ ಕೊನೆಯಲ್ಲಿ, 'ಪ್ರೇರಣೆ' ಎಂಬ ಶೀರ್ಷಿಕೆಯ ಕೆಳಗೆ, ಕಂಪನಿ ವಿಮೆ ಕಟ್ಟದ ಮೂರು ತಿಂಗಳುಗಳನ್ನು ಒಂದೊಂದಾಗಿ ಹೆಸರಿಸಿ ಬರೆದಳು. ಯೋರಾನ್ ಓದಿ ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿದ. ವಕೀಲೆ ಅದರ ಪ್ರತಿಯನ್ನು ಮೇಲ್ಮನವಿಯ ಕಡತಕ್ಕೆ ಕೇಳಿ ಪಡೆದಳು.

ಮಾರ್ಚ್ 21, ಸೋಮವಾರ. ಬೆಳಿಗ್ಗೆ 8.10. ನೂರ್‌ಜಹಾನ್ ವಂಚನೆಗೆ ಒಳಗಾದವರು ಎಂಬ ಪೊಲೀಸ್ ಪತ್ರವನ್ನೂ ಬಿಡುಗಡೆಯಾದ ಪಾಸ್‌ಪೋರ್ಟನ್ನೂ ಹಿಡಿದು ಅವರು ಮಗಳು ಅಳಿಯನ ಜೊತೆ ವೀಸಾ ಅರ್ಜಿಯ ಕಚೇರಿಯ ಮುಂದೆ ನಿಂತಿದ್ದರು. ಕಾಂಚನಾಳೂ ಬಂದಿದ್ದಳು. ಅಷ್ಟರಲ್ಲಿ ಅವಳ ಫೋನಿಗೆ ಅಮ್ಮನ ಸಂದೇಶ: 'ಸೋಮವಾರ ಏಳೂವರೆಯಿಂದ ಒಂಬತ್ತು. ಒಂಬತ್ತಾದ ಮೇಲೆ ಒಳಗೆ ಹೋಗಕ್ಕೆ ಹೇಳು.'

ಕಾಂಚನಾ ನಗುತ್ತ ಅದನ್ನು ಓದಿ ಹೇಳಿದಳು. ಎದುರಿಗೆ ಗಾಜಿನ ಬಾಗಿಲು ತಾನಾಗಿ ಸರಿದು ತೆರೆಯಿತು.

"ನಮ್ಮ ಪಕ್ಕದ ಮನೆಯವಳೂ ಹಿಂಗೇ," ಎಂದರು ನೂರ್‌ಜಹಾನ್, ಸೆರಗು ಸರಿಮಾಡಿಕೊಂಡು. "ನಿಮ್ಮ ತಾಯಿಗೆ ಸಲಾಂ ಹೇಳು. ಬಾಗಿಲು ತೆರೆದಿದೆ, ನಾನು ಹೋಗ್ತೀನಿ."