ನಿಕಾಹ್‌ನ ಹಾರ್ಡ್ ಡಿಸ್ಕ್

೨೦೨೫ರ ಫೆಬ್ರವರಿ ೧೨, ಬುಧವಾರ. ಬೆಳಿಗ್ಗೆ ೧೦.೪೦ಕ್ಕೆ ಬೆಂಗಳೂರಿನ ಪುಲಿಕೇಶಿನಗರ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬರು ಮಾಸ್ಕ್ ರೋಡಿನ ಫೋಟೋ ಸ್ಟುಡಿಯೋದ ಒಡತಿ ಸಾಮಿಯಾ. ಇನ್ನೊಬ್ಬರು ಗುಲ್ಷನ್. ಭಾನುವಾರ ಗುಲ್ಷನ್ ಮಗಳ ನಿಕಾಹ್ ನಡೆದಿತ್ತು. ಮಂಗಳವಾರ ಗುಲ್ಷನ್ ಅವರ ತಾಯಿ ತೀರಿಕೊಂಡಿದ್ದರು. ನಿಕಾಹ್ ಚಿತ್ರಗಳಿದ್ದ ಹಾರ್ಡ್ ಡಿಸ್ಕ್ ಸೋಮವಾರ ಸ್ಟುಡಿಯೋದ ಬೀರುವಿನಿಂದ ಕಾಣೆಯಾಗಿತ್ತು.

"ಮೊಬೈಲ್ ಎತ್ತಿದ್ರೆ ಅಮ್ಮಿ ಸೆರಗು ಎಳ್ಕೊಳ್ಳೋರು ಸಾಬ್. ಫೋಟೋ ತೆಗೆಯೋ ಮುತ್ತಣ್ಣ ಹಳಬರು ಅಂತ ಅವತ್ತೊಂದಿನ ಕೂತ್ರು," ಎಂದರು ಗುಲ್ಷನ್. "ಅದು ಬಿಟ್ರೆ ಇರೋದು ಆಧಾರ್ ಕಾರ್ಡ್ ಫೋಟೋ ಒಂದೇ. ಅದ್ರಲ್ಲಿ ನಾನೇ ಅವರನ್ನ ಗುರ್ತು ಹಿಡಿಯಲ್ಲ."

ಎಫ್‌ಐಆರ್ ದಾಖಲಿಸಿದ ಇನ್ಸ್‌ಪೆಕ್ಟರ್ ಸಿದ್ಧಲಿಂಗೇಶ, ಕಾನ್‌ಸ್ಟೇಬಲ್ ಮುನಿವೆಂಕಟಪ್ಪ ಅವರೊಂದಿಗೆ ೧೧.೩೦ಕ್ಕೆ ಸ್ಟುಡಿಯೋದಲ್ಲಿ ಪಂಚನಾಮೆ ನಡೆಸಿದರು. ಬೀಗ ಒಡೆದಿರಲಿಲ್ಲ. ಎರಡು ಕ್ಯಾಮೆರಾ, ಮೂರು ಲೆನ್ಸ್ ಇದ್ದಲ್ಲೇ ಇದ್ದವು.

"ಕ್ಯಾಮೆರಾ ಬಿಟ್ಟು ಆ ಡಿಸ್ಕ್ ಡಬ್ಬಿ ಒಯ್ದಿದಾನಲ್ಲ ಸಾರ್, ಕಳ್ಳರ ಮಾನ ತೆಗ್ದ," ಎಂದು ಮುನಿವೆಂಕಟಪ್ಪ ಗೊಣಗಿದರು.

ಸಿದ್ಧಲಿಂಗೇಶ ಸಾಮಿಯಾ ಕಡೆ ತಿರುಗಿದರು. "ಬೇರೆ ಪ್ರತಿ ಇಲ್ವಾ?"

"ಮೆಮೊರಿ ಕಾರ್ಡ್ ನಾನೇ ಖಾಲಿ ಮಾಡ್ಬಿಟ್ಟೆ ಸಾರ್. ಇನ್ನೊಂದು ಪ್ರತಿ ಮರುದಿನ ಮಾಡೋಣ ಅಂದ್ಕೊಂಡೆ."

"ಬೀರು ಕೀಲಿ?"

"ನನ್ನ ಹತ್ರ ಒಂದು, ಮುತ್ತಣ್ಣ ಅಂಕಲ್ ಹತ್ರ ಒಂದು. ನಮ್ಮ ಅಬ್ಬಾ ಕಾಲದಿಂದ ಇದ್ದಾರೆ. ಅವರು ಅಂಥವರಲ್ಲ."

"ಈಚೆಗೆ ಇಲ್ಲಿ ಏನಾದ್ರೂ ಬದಲಾಯ್ತಾ?"

ಸಾಮಿಯಾ ಯೋಚಿಸಿ ವಿವರಿಸಿದರು. ಕ್ಯಾಮೆರಾ ದಾಖಲಿಸುವುದು ಕಚ್ಚಾ ಫೈಲು. ಬೆಳಕು, ಬಣ್ಣ ಹೊಂದಿಸಿ ಪರಿವರ್ತಿಸಿದ ಮೇಲಷ್ಟೇ ಅದು ಗಿರಾಕಿಗೆ ಕೊಡುವ ಚಿತ್ರವಾಗುತ್ತದೆ. ಇಷ್ಟು ವರ್ಷ ಆ ಕೆಲಸವನ್ನು ಮುತ್ತಣ್ಣ ಹಲಸೂರಿನ ತಮ್ಮ ಮನೆಯಲ್ಲೇ ಮಾಡಿ, ಕೆಟ್ಟವನ್ನು ಅಳಿಸಿ, ಆಯ್ದವನ್ನು ಮಾತ್ರ ತರುತ್ತಿದ್ದರು. ಈ ತಿಂಗಳಿಂದ ಸಾಮಿಯಾ ಕ್ರಮ ಬದಲಿಸಿದ್ದರು. ತೆಗೆದಷ್ಟೂ ಕಚ್ಚಾ ಫೈಲುಗಳು ಸ್ಟುಡಿಯೋಗೆ ಬರಬೇಕು. ದೊಡ್ಡ ಪರದೆಯಲ್ಲಿ ಒಂದೊಂದನ್ನೂ ನೋಡಿ ಪರಿವರ್ತಿಸುವವರು ಇನ್ನು ಸಾಮಿಯಾ ಅವರೇ.

ಮಧ್ಯಾಹ್ನ ೨.೧೫, ಹಲಸೂರು. ಅರವತ್ತೊಂದು ವರ್ಷದ ಮುತ್ತಣ್ಣ ಬಾಗಿಲು ತೆರೆದರು.

"ಸೋಮವಾರ ಎಲ್ಲಿದ್ರಿ?"

"ಮನೇಲೇ ಸಾರ್."

ಸಿದ್ಧಲಿಂಗೇಶ ಅಷ್ಟನ್ನೇ ಬರೆದು ಓದಲು ಕೊಟ್ಟರು. ಮುತ್ತಣ್ಣ ಕಾಗದವನ್ನು ಎದುರು ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ನೋಡಿದರು. ನೋಟದ ನಡುಭಾಗ ಮಸುಕಾದವರು ಹಾಗೆ ಓದುತ್ತಾರೆ.

"ಕಣ್ಣು ಎಷ್ಟು ದಿನದಿಂದ ಹೀಗೆ?"

ಮುತ್ತಣ್ಣ ಕಾಗದವನ್ನು ಹಿಂತಿರುಗಿಸಿದರು.

"ಗುಲ್ಷನ್ ಅವರ ತಾಯಿ ನಿನ್ನೆ ತೀರ್ಕೊಂಡ್ರು, ಗೊತ್ತಾ?"

"ಗೊತ್ತಿರ್ಲಿಲ್ಲ ಸಾರ್," ಎಂದರು ಮುತ್ತಣ್ಣ. ಒಳಗೆ ಹೋಗಿ ಅಡುಗೆಮನೆಯಿಂದ ಡಿಸ್ಕ್ ತಂದು ಮೇಜಿನ ಮೇಲಿಟ್ಟರು. ೩.೦೫ಕ್ಕೆ ಪಂಚರ ಎದುರು ಜಪ್ತಿ, ೩.೪೦ಕ್ಕೆ ಬಂಧನ.

ಠಾಣೆಯಲ್ಲಿ ಅವರು ಹೇಳಿಕೆ ಕೊಟ್ಟರು. ಎಂಟು ತಿಂಗಳಿಂದ ಫೋಕಸ್ ಎಷ್ಟೋ ಸಲ ಮುಖ ಬಿಟ್ಟು ಹಿಂದಿನ ಗೋಡೆಗೆ ಹೋಗುತ್ತಿತ್ತು. ಅದಕ್ಕೇ ಒಂದೊಂದು ಭಂಗಿಯನ್ನೂ ಹತ್ತು ಸಲ ತೆಗೆಯುತ್ತಿದ್ದರು. ಮನೆಯಲ್ಲಿ ಹೆಂಡತಿ ಪಕ್ಕದಲ್ಲಿ ಕುಳಿತು ಸ್ಪಷ್ಟವಾದದ್ದು ಯಾವುದೆಂದು ಹೇಳುತ್ತಿದ್ದರು. ಸಾಮಿಯಾ ನೋಡುವ ಮೊದಲೇ ಕೆಟ್ಟವನ್ನು ಅಳಿಸಿ, ಉಳಿದವನ್ನು ತಿರುಗಿ ಇಡಬೇಕೆಂದು ಡಿಸ್ಕ್ ಒಯ್ದಿದ್ದರು. ಆದರೆ ಹೆಂಡತಿ ಮಗಳ ಬಾಣಂತನಕ್ಕೆಂದು ಕೋಲಾರಕ್ಕೆ ಹೋಗಿದ್ದರು.

ಗುಲ್ಷನ್ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು.

"ಎಷ್ಟು ಅಳಿಸಿದ್ರಿ?" ಸಿದ್ಧಲಿಂಗೇಶ ಕೇಳಿದರು.

"ಒಂದೂ ಇಲ್ಲ ಸಾರ್," ಎಂದರು ಮುತ್ತಣ್ಣ. "ಎರಡು ದಿನ ಕೂತು ನೋಡ್ದೆ. ಯಾವುದು ಕೆಟ್ಟಿದೆ ಅಂತ ನಂಗೆ ಕಾಣ್ಲೇ ಇಲ್ಲ."