ನೆಗ್ಗಿದ ಹಾಲಿನ ಕ್ಯಾನು

"ನನ್ನ ನೆಗ್ಗು ಎಲ್ಲಿ?"

ಬೆಳಗ್ಗೆ ಬೆಳಗ್ಗೆ, ಅಂಗಡಿಯ ಶಟರ್ ಇನ್ನೂ ಪೂರ್ತಿ ಮೇಲೆ ಹೋಗುವ ಮೊದಲೇ, ಯಾರಾದರೂ ಬಂದು ಹೀಗೆ ದಬಾಯಿಸಿದರೆ ಎಂಥ ಮನುಷ್ಯನಾದರೂ ತಬ್ಬಿಬ್ಬಾಗುತ್ತಾನೆ. ಪಾತ್ರೆ ರಿಪೇರಿಯವನೂ ಆದ. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಎದುರು ನಿಂತವಳನ್ನು ನೋಡಿದ. ರಸ್ತೆಯ ಆಚೆ ಬದಿಯ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್. ಬೀದಿಯವರೆಲ್ಲ ಅವಳನ್ನು ಕರೆಯುವುದು ಡಬ್ಬಿ ಮೇಡಂ ಅಂತ. ಕಂಕುಳಲ್ಲಿ, ಹಿಂದಿನ ಸಂಜೆ ಅವನೇ ರಿಪೇರಿ ಮಾಡಿ ಕಳಿಸಿದ್ದ ಒಂದು ಹಳೆಯ ಹಾಲಿನ ಕ್ಯಾನು.

"ಯಾವ ನೆಗ್ಗು ಮೇಡಂ?"

"ಈ ಕ್ಯಾನಿನ ಕುತ್ತಿಗೆ ಹತ್ರ, ಹಿಡಿ ಪಕ್ಕದಲ್ಲೇ ಇತ್ತಲ್ಲ, ಅದು. ನಾನು ಹೇಳಿದ್ದೇನು? ತಳ ಸೋರ್ತಿದೆ, ಬೆಸುಗೆ ಹಾಕಿ ಅಂತ. ಅಷ್ಟೇ ತಾನೆ?"

"ಬೆಸುಗೆ ಹಾಕಿದೀನಿ. ಹಾಗೇ ನೆಗ್ಗೂ ತೆಗೆದೆ. ಪಾಲಿಶ್ ಕೂಡ ಮಾಡಿದೆ. ಮುಖ ನೋಡ್ಕೋಬಹುದು, ನೋಡಿ."

ಅವಳು ನೋಡಿದಳು. ಕ್ಯಾನಿನ ಮೈಯಲ್ಲಿ ತನ್ನ ಸಿಟ್ಟಿನ ಮುಖ, ಅದರ ಹಿಂದೆ ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದ ಅವನ ಮುಖ. ಸಿಟ್ಟು ನೆತ್ತಿಗೇರಿತು.

"ಆ ನೆಗ್ಗಿನಿಂದಾನೇ ಬಾಯಿ ಓರೆಯಾಗಿತ್ತು. ಬಾಯಿ ಓರೆಯಾಗಿದ್ರೇನೇ ಹೂವು ಬಾಗಿ ನಿಲ್ಲೋದು. ಈಗ ಎಲ್ಲಾ ಡ್ರಿಲ್ಲಿಗೆ ನಿಂತ ಹಾಗೆ ನೆಟ್ಟಗೆ ನಿಲ್ತವೆ!"

ಅವನು ಪೆಚ್ಚಾದ. ಮೂರು ದಿನ ಮಧ್ಯಾಹ್ನದ ಊಟ ಮುಂದೂಡಿ, ಒಳಗಿನಿಂದ ಒಂದೊಂದೇ ಪೆಟ್ಟು ಕೊಟ್ಟು, ಬಟ್ಟೆಯಿಂದ ಉಜ್ಜಿ ತೆಗೆದ ನೆಗ್ಗು ಅದು. ಯಾಕೆ ಅಷ್ಟು ಮುತುವರ್ಜಿ ಅಂತ ಅವನು ಯಾರಿಗೂ ಹೇಳಿರಲಿಲ್ಲ. ಕ್ಲಿನಿಕ್ಕಿನ ಕಿಟಕಿಯಲ್ಲಿ ದಿನಕ್ಕೊಂದು ಡಬ್ಬಿಯಲ್ಲಿ ಹೂವು ಜೋಡಿಸುವ ಆ ಕೈಗಳನ್ನು ಒಂದು ವರ್ಷದಿಂದ ನೋಡುತ್ತಿದ್ದ, ಅಷ್ಟೇ.

"ಮತ್ತೆ ನೆಗ್ಗು ಹಾಕಿಕೊಡ್ತೀನಿ," ಎಂದು ಕ್ಯಾನು ಇಸಿದುಕೊಂಡು ಸುತ್ತಿಗೆ ಎತ್ತಿದ. ಕೈ ಮೇಲೆ ಹೋಯಿತು, ಅಲ್ಲೇ ನಿಂತಿತು. ಇನ್ನೊಮ್ಮೆ ಎತ್ತಿದ. ಊಹೂಂ.

"ಆಗ್ತಿಲ್ಲ ಮೇಡಂ. ಹದಿನೆಂಟು ವರ್ಷದಿಂದ ಬರೀ ತೆಗೆದೇ ಅಭ್ಯಾಸ."

"ಕೊಡಿ ಇಲ್ಲಿ," ಎಂದವಳೇ ಕ್ಯಾನನ್ನು ತಲೆಯ ಮೇಲೆತ್ತಿ ಅಂಗಡಿಯ ಮೆಟ್ಟಿಲ ಮೇಲೆ ಎತ್ತಿಹಾಕಿದಳು.

ಢಣ್! ಎದುರಿನ ಬೇಕರಿಯವನು ಹೊರಗೆ ಇಣುಕಿದ. ಕ್ಯಾನು ಎರಡು ಸುತ್ತು ಉರುಳಿ ಇಬ್ಬರ ಕಾಲ ನಡುವೆ ಬಂದು ನಿಂತಿತು. ಇಬ್ಬರೂ ಒಟ್ಟಿಗೇ ಬಗ್ಗಿದರು, ತಲೆಗೆ ತಲೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಹೊಸ ನೆಗ್ಗು ಬಿದ್ದಿತ್ತು, ಆದರೆ ಹಿಡಿಯ ಪಕ್ಕಕ್ಕಲ್ಲ, ಸರಿಯಾಗಿ ಅದರ ಎದುರಿಗೆ. ಬಾಯಿ ಈಗ ಇನ್ನೊಂದು ಕಡೆಗೆ ಓರೆ.

"ಸೋರುತ್ತಾ?" ಎಂದಳು ಗಾಬರಿಯಿಂದ.

ಅವನು ನೀರು ತುಂಬಿಸಿ ಎತ್ತಿ ಹಿಡಿದ. ಒಂದು ತೊಟ್ಟೂ ಇಳಿಯಲಿಲ್ಲ. "ನನ್ನ ಬೆಸುಗೆ ಮೇಡಂ. ಎಸೆದ್ರೂ ಬಿಡಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ, ಇಷ್ಟು ಜೋರಾಗಿ ನಕ್ಕು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟಳು.

ಆ ಕ್ಯಾನು ಅವಳ ಅಮ್ಮನದು. ಹಳೆಯ ನೆಗ್ಗು ಅವಳ ಏಳನೇ ವಯಸ್ಸಿನದು. ಬೀಳಿಸಿದ್ದು ಅಕ್ಕ, ಬೈಸಿಕೊಂಡದ್ದು ಇವಳು. ಅಕ್ಕನ ತಪ್ಪಿಗೆಲ್ಲ ತಾನು ತಲೆ ತಗ್ಗಿಸುವುದು ಅಲ್ಲಿಂದಲೇ ಶುರುವಾಗಿತ್ತು. ಮೂರು ವರ್ಷದ ಹಿಂದೆ, ಡೈವೋರ್ಸ್ ಪಡೆದು, ಗೋಡೆಗೊಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕಿದ್ದ ಗಂಡನ ಮನೆಯಿಂದ ಎರಡು ಸೂಟ್‌ಕೇಸು, ಒಂದು ಕ್ಯಾನು ಹಿಡಿದು ಅವಳು ಹೊರಬಂದಾಗ, ಕ್ಲಿನಿಕ್ಕಿನ ಮೇಲಿನ ಕೋಣೆ ಕೊಟ್ಟದ್ದೂ ಅಕ್ಕನೇ. ಹಲ್ಲಿನ ಡಾಕ್ಟರು ಭಾವ. ಕ್ಲಿನಿಕ್ಕು ನಡೆಸುವುದು ಮಾತ್ರ ಅಕ್ಕ. ಕೊಟ್ಟ ಕೋಣೆಯನ್ನು ವಾರಕ್ಕೊಮ್ಮೆಯಾದರೂ ನೆನಪಿಸದೆ ಅಕ್ಕನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಹೂವು ಮಾತ್ರ ಯಾರ ಉಪಕಾರವೂ ಅಲ್ಲ. ಕ್ಲಿನಿಕ್ಕಿನ ನೀರಿನ ಟ್ಯಾಂಕಿನ ಹಿಂದಿನ ಒಂದು ಮಾರು ಮಣ್ಣಿನಲ್ಲಿ ಅವಳೇ ಬೆಳೆದ ಡೇಲಿಯಾ, ಸೇವಂತಿಗೆ, ಗುಲಾಬಿ, ಜೊತೆಗೆ ರಸ್ತೆಬದಿಯ ಹೆಸರಿಲ್ಲದ ಹಳದಿ ಹೂವು. ಸಾಸ್ ಬಾಟಲಿಗೆ ಒಂದೇ ಒಂದು ಉದ್ದ ದಂಟಿನ ಗುಲಾಬಿ. ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಳಗೆ ಗಾಜಿನ ಲೋಟ ಅಡಗಿಸಿ, ಅದರ ತುಂಬ ಸೇವಂತಿಗೆ. ಹಲ್ಲುನೋವಿಗೆ ಬಂದವರು ಕೆನ್ನೆ ಹಿಡಿದುಕೊಂಡೇ ಕೇಳುತ್ತಿದ್ದರು, "ಇವತ್ತು ಯಾವ ಡಬ್ಬಿ ಮೇಡಂ?"

ಈಗ ರಸ್ತೆಯ ಈಚೆ, ಪಾತ್ರೆ ರಿಪೇರಿಯವನ ಅಂಗಡಿಯಿಂದಲೂ ಡಬ್ಬಿಗಳು ಬರತೊಡಗಿದವು.

ಒಂದು ದಿನ ಮುಚ್ಚಳ ಕಳೆದುಹೋದ ಟೀ ಕೆಟಲ್. "ಮೂತಿಯಲ್ಲಿ ಒಂದು ಹೂವು, ಬಾಯಲ್ಲಿ ಉಳಿದದ್ದು," ಎಂದ. ಇನ್ನೊಂದು ದಿನ ತರಕಾರಿ ತುರಿಯುವ ಚೌಕಾಕಾರದ ಡಬ್ಬ. ಅದರೊಳಗೆ ಬಾಟಲಿ ಇಟ್ಟು ಹೂವು ಜೋಡಿಸಿದರೆ ತೂತುಗಳಿಂದ ಬಿಸಿಲು ತೂರಿ ಟೇಬಲ್ ಮೇಲೆ ಚುಕ್ಕಿ ಬೀಳುತ್ತದೆ ಎಂದು ಅವನೇ ಕಂಡುಹಿಡಿದಿದ್ದ. ಅವಳು ಅವನಿಗೆ ತಂತಿ ಬಲೆಯನ್ನು ಉಂಡೆ ಮಾಡಿ ಡಬ್ಬಿಯೊಳಗೆ ತುರುಕುವುದು ಕಲಿಸಿದಳು. ದಂಟು ಅಲುಗದಂತೆ ಹಿಡಿಯಲು ಅದೇ ಉಪಾಯ.

"ದಂಟನ್ನ ಓರೆಯಾಗಿ ಕತ್ತರಿಸಿ. ಇಷ್ಟು."

"ಎಷ್ಟು?"

ಅವಳು ಅವನ ಬೆರಳು ಹಿಡಿದು ತೋರಿಸಿದಳು. ಗೊತ್ತಾದ ಮೇಲೂ ಅವನು ಇನ್ನೆರಡು ಸಲ "ಎಷ್ಟು?" ಎಂದ. ಅವಳು ಇನ್ನೆರಡು ಸಲ ತೋರಿಸಿದಳು.

"ನಿಮ್ಮ ಭಾವನೂ ನಾನೂ ಒಂದೇ ಕಸುಬಿನವರು," ಎನ್ನುತ್ತಿದ್ದ ಅವನು. "ಇಬ್ಬರದೂ ತೂತು ಮುಚ್ಚೋ ಕೆಲಸ. ನನ್ನ ಗಿರಾಕಿಗಳು ಕಿರುಚಲ್ಲ, ಅಷ್ಟೇ ವ್ಯತ್ಯಾಸ."

ಒಂದು ಶುಕ್ರವಾರ ಅವನು ತನ್ನ ಊಟದ ಡಬ್ಬಿಯನ್ನೇ ತೊಳೆದು ಒರೆಸಿ ಅವಳ ಕೌಂಟರ್ ಮೇಲೆ ಇಟ್ಟ. ದುಂಡನೆಯ ಸ್ಟೀಲ್ ಡಬ್ಬಿ, ಅಂಚಿನಲ್ಲಿ ಸಣ್ಣ ತೇಪೆ.

"ಮತ್ತೆ ನೀವು ಊಟ ಯಾವುದರಲ್ಲಿ ತರ್ತೀರಿ?"

"ಅದನ್ನ ಯೋಚನೆ ಮಾಡಿಲ್ಲ," ಎಂದ. ಕಿವಿ ಕೆಂಪಾಗಿತ್ತು. "ಬೇಡ ಅನ್ನಿಸಿದ್ರೆ ಹೇಳೋ ಕಷ್ಟ ತಗೋಬೇಡಿ ಮೇಡಂ. ಹೊರಗಿಟ್ಟುಬಿಡಿ. ನನಗೆ ಅರ್ಥ ಆಗುತ್ತೆ."

ಅವಳಿಗೂ ಅರ್ಥವಾಯಿತು, ಅವನು ಕೇಳುತ್ತಿರುವುದು ಡಬ್ಬಿಯ ವಿಷಯವಲ್ಲ ಅಂತ. ಉತ್ತರವಾಗಿ ಅವತ್ತೇ ಅದರಲ್ಲಿ ಹಳದಿ ಹೂವು ತುಂಬಿ ಕಿಟಕಿಯ ನಟ್ಟನಡುವೆ ಇಟ್ಟಳು.

ಅಕ್ಕನಿಗೆ ಕಣ್ಣಿಲ್ಲವೇ? ಸಂಜೆ ರೋಗಿಗಳೆಲ್ಲ ಹೋದ ಮೇಲೆ ತಂಗಿಯ ಮುಂದೆ ಬಂದು ಕೂತಳು.

"ಭಾನುವಾರ ಹೊಸ ವೇಟಿಂಗ್ ರೂಮು ಓಪನ್. ಹೂವಿಡೋಕೆ ಆರು ಗಾಜಿನ ವಾಸ್ ತರಿಸಿದೀನಿ. ನಿನ್ನ ಗುಜರಿ ಎಲ್ಲಾ ಆಚೆ ಹೋಗ್ಲಿ. ಬರೋರು ದೊಡ್ಡ ದೊಡ್ಡ ಡಾಕ್ಟರುಗಳು, ಏನಂದ್ಕೋತಾರೆ?"

"ಗುಜರಿ ಅಲ್ಲ ಅಕ್ಕ."

"ಇನ್ನೊಂದು ಮಾತು. ದಿನಕ್ಕೆ ನಾಲ್ಕು ಸಲ ರಸ್ತೆ ದಾಟೋದೂ ನಿಲ್ಲಬೇಕು. ತೇಪೆ ಹಾಕೋನ ಜೊತೆ ನನ್ನ ತಂಗಿ ಹಲ್ಲು ಕಿಸೀತಾಳೆ ಅಂತ ಬೀದಿಯೆಲ್ಲಾ ಆಡ್ಕೋತಿದೆ. ನಿನಗೆ ನೆಲೆ ಕೊಟ್ಟ ತಪ್ಪಿಗೆ ನಾನು ಇದನ್ನೂ ನೋಡಬೇಕಾ? ಅವನು ಬೇಕು ಅಂದ್ರೆ ಮೇಲಿನ ರೂಮಿನ ಕೀ ಇಲ್ಲಿಟ್ಟು ಹೋಗು."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಏಳು ವರ್ಷದವಳ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ತಲೆ ತಗ್ಗಿಸಿದಳು. ಮೇಲೆ ಹೋಗಿ, ತಗ್ಗಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಶನಿವಾರವೆಲ್ಲ ಅಕ್ಕ ಅದೂ ಇದೂ ಕೆಲಸ ಹಚ್ಚಿ, ಬಾಗಿಲು ದಾಟಲು ಬಿಡಲಿಲ್ಲ.

ಭಾನುವಾರ ಬೆಳಗ್ಗೆ ಕೆಳಗಿಳಿದರೆ ಕಿಟಕಿ ಖಾಲಿ. ಆರು ಗಾಜಿನ ವಾಸ್‌ಗಳಲ್ಲಿ ಅಂಗಡಿಯಿಂದ ತಂದ ಬಿಳಿ ಹೂವು, ಎಲ್ಲ ಒಂದೇ ಎತ್ತರ. ಅತಿಥಿಗಳು ಆಗಲೇ ಬಂದು ಸೋಫಾ ತುಂಬಿದ್ದರು. ಅವಳು ಗಾಜಿನ ಬಾಗಿಲಾಚೆ ನೋಡಿದಳು. ಗೇಟಿನ ಪಕ್ಕದ ಕಸದ ತೊಟ್ಟಿಯಲ್ಲಿ ಕೆಟಲ್, ಬಿಸ್ಕತ್ತಿನ ಡಬ್ಬಿ, ಕ್ಯಾನು. ಎಲ್ಲದರ ಮೇಲೆ, ಇಡೀ ಬೀದಿಗೆ ಕಾಣುವಂತೆ, ಅಂಚಿಗೆ ತೇಪೆ ಇದ್ದ ಸ್ಟೀಲ್ ಡಬ್ಬಿ.

ರಸ್ತೆಯ ಆಚೆ ಅವನು ನಿಂತಿದ್ದ. ಡಬ್ಬಿಯನ್ನು ನೋಡಿದ. ಅವಳನ್ನು ನೋಡಲಿಲ್ಲ. ಶಟರ್ ಎಳೆಯತೊಡಗಿದ.

ಆಗ ಅವಳಿಗೆ ಬಂದ ಸಿಟ್ಟು ಅಕ್ಕನ ಮೇಲಷ್ಟೇ ಅಲ್ಲ. ತನ್ನ ಬಗ್ಗಿದ ಕುತ್ತಿಗೆಯ ಮೇಲೂ. ಸಾಕು ಅನ್ನಿಸಿತು. ಸರಸರನೆ ಹೊರಗೆ ಹೋದಳು. ತೊಟ್ಟಿಯಿಂದ ಡಬ್ಬಿ ಎತ್ತಿಕೊಂಡಳು, ಕ್ಯಾನು ಎತ್ತಿಕೊಂಡಳು. ಟ್ಯಾಂಕಿನ ಹಿಂದೆ ಹೋಗಿ ಡೇಲಿಯಾಗಳನ್ನು ಒಂದೂ ಬಿಡದೆ ಕತ್ತರಿಸಿ ಕ್ಯಾನಿಗೆ ತುಂಬಿದಳು. ಹೊಸ ಸೀರೆಯ ಮೇಲೆ ಕೆಸರು ಹಾರಿತು, ಹಾರಲಿ. ನೇರ ರಸ್ತೆ ದಾಟಿ, ಮುಕ್ಕಾಲು ಇಳಿದಿದ್ದ ಶಟರ್‌ಗೆ ಕ್ಯಾನಿನಿಂದಲೇ ಬಡಿದಳು.

ಶಟರ್ ಎದ್ದಿತು.

"ನಾನು ಹೊರಗಿಡಲಿಲ್ಲ," ಎಂದಳು, ಡಬ್ಬಿ ಚಾಚಿ. "ಇದು ನನಗೆ ಬೇಕು. ಬನ್ನಿ."

"ಎಲ್ಲಿಗೆ?"

"ಒಳಗೆ. ಎಲ್ಲರ ಮುಂದೆ."

"ಮೇಡಂ, ಕೈ ನೋಡಿ, ಮಸಿ..."

"ನನ್ನ ಸೀರೆ ನೋಡಿ," ಎಂದಳು. "ಬರ್ತೀರೋ ಇಲ್ಲವೋ?"

ಅವನು ಬಂದ. ಅವಳು ವೇಟಿಂಗ್ ರೂಮಿನ ಮಧ್ಯದ ಟೇಬಲ್ ಮೇಲಿನ ಗಾಜಿನ ವಾಸ್ ಎತ್ತಿ ಭಾವನ ಕೈಗೆ ಕೊಟ್ಟು, ಅಲ್ಲಿ ಕ್ಯಾನು ಕುಕ್ಕಿದಳು. ಕೆಂಪು ಡೇಲಿಯಾಗಳು ಓರೆ ಬಾಯಿಂದ ಬಾಗಿ ನಿಂತವು. ಬಿಳಿಕೂದಲಿನ ಡಾಕ್ಟರಮ್ಮ ಒಬ್ಬರು, "ಅಬ್ಬಾ, ಚೆನ್ನಾಗಿದೆ! ಇವರು ಯಾರು?" ಎಂದರು, ಮಸಿಕೈಯವನನ್ನು ತೋರಿಸಿ.

ಅಕ್ಕ ಬಾಯಿ ಹಾಕುವ ಮೊದಲೇ ಅವಳು ಹೇಳಿದಳು. "ಪಾತ್ರೆ ರಿಪೇರಿ ಮಾಡೋರು. ಎದುರಿನ ಅಂಗಡಿ. ನಾನು ಮದುವೆ ಆಗೋರು."

ಅವನು ಬಾಯಿ ತೆರೆದ. "ನನ್ನನ್ನ ಕೇಳಲೇ ಇಲ್ಲ?"

"ಈಗ ಕೇಳ್ತಿದೀನಿ. ಹೇಗೂ ಬಾಯಿ ತೆರೆದಿದೆ, ಹೂಂ ಅಂದುಬಿಡಿ."

"ಹೂಂ," ಎಂದ ಅವನು. ಆಮೇಲೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ, ಇನ್ನೂ ಜೋರಾಗಿ, "ಹೂಂ!"

ಭಾವ ವಾಸ್ ತಬ್ಬಿಕೊಂಡೇ ಮೆಲ್ಲಗೆ ಕೆಮ್ಮಿದ. "ಕ್ಯಾನು ಅಲ್ಲೇ ಇರಲಿ," ಎಂದ. ಮದುವೆಯಾದ ಇಷ್ಟು ವರ್ಷಕ್ಕೆ ಹೆಂಡತಿಯ ಮುಂದೆ ಅವನು ಕೊಟ್ಟ ಮೊದಲ ಅಭಿಪ್ರಾಯ ಅದು.

ತಂಗಿ ಸೆರಗಿನ ಗಂಟಿನಿಂದ ಮೇಲಿನ ಕೋಣೆಯ ಕೀ ಬಿಚ್ಚಿ ಕ್ಯಾನಿನ ಪಕ್ಕದಲ್ಲಿಟ್ಟಳು. ಅಕ್ಕ ಕೀ ಮುಟ್ಟಲಿಲ್ಲ. ಕ್ಯಾನನ್ನೇ ನೋಡುತ್ತಿದ್ದಳು. ಹತ್ತಿರ ಬಂದು ಅದರ ಕುತ್ತಿಗೆಯ ಮೇಲೆ, ಹಿಡಿಯ ಪಕ್ಕದಲ್ಲಿ, ಬೆರಳಾಡಿಸಿದಳು. ಅಲ್ಲಿ ನುಣುಪು. ಬೆರಳು ಸುತ್ತು ಹಾಕಿ ಎದುರಿನ ಗುಳಿಗೆ ಬಂದು ನಿಂತಿತು.

"ನೆಗ್ಗು ಆ ಕಡೆ ಇತ್ತಲ್ಲೇ," ಎಂದಳು, ದನಿ ತಗ್ಗಿಸಿ.

"ಹೌದು ಅಕ್ಕ. ಅದು ನೀನು ಬೀಳಿಸಿದ್ದು," ಎಂದಳು ತಂಗಿ. ಮಸಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಇದು ನಾನೇ ಬೀಳಿಸಿದ್ದು."